ಜಗಲಿಯ ಮೇಲೆ ಅರ್ಧ ವ್ಯಾಟ್

ಆಷಾಢದ ಮಳೆ ಹಿಡಿದ ಮೇಲೆ ಹಾರವಾಡದಲ್ಲಿ ಕರೆಂಟನ್ನು ನಂಬಿ ಯಾರೂ ಕೆಲಸ ಹಚ್ಚಿಕೊಳ್ಳುವುದಿಲ್ಲ. ಕಡಲ ಕಡೆಯಿಂದ ಗಾಳಿ ಎದ್ದು ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಸಾಕು, ಹಗಲಲ್ಲೇ ಮನೆಯೊಳಗೆ ಕತ್ತಲೆ. ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಸಮುದ್ರ. ನಡುವಿನ ಸಪೂರ ನೆಲದಲ್ಲೇ ಹೆದ್ದಾರಿ, ಕೊಂಕಣ ರೈಲಿನ ಹಳಿ, ಗದ್ದೆ, ತೆಂಗು, ಮನೆಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳನ್ನು ದಡದ ಮೇಲಕ್ಕೆ ಎಳೆದು ಟಾರ್ಪಾಲು ಹೊದಿಸಿದ್ದಾರೆ. ಚಪ್ಪರದಡಿ ಕೂತವರ ಕಾಲಬೆರಳಿಗೆ ಬಲೆ ಸಿಕ್ಕಿಕೊಂಡಿದೆ, ಕೈಯಲ್ಲಿ ನೈಲಾನ್ ದಾರ. ತರಂಗಮೇಟದ ಕಡೆ ತೆರೆಗಳು ದಂಡೆ ಕೊರೆಯುವ ಸದ್ದು ಹಗಲೂ ರಾತ್ರಿಯೂ ನಿಲ್ಲುವುದಿಲ್ಲ.

ಇಂಥ ಒಂದು ಮನೆಯ ಜಗಲಿಯಲ್ಲಿ ಅಕ್ಕನ ಮಗ ಕಾಲು ಮಡಚಿ ಕೂತಿದ್ದಾನೆ. ಕಾರವಾರದಲ್ಲಿ ಐಟಿಐ ಓದುತ್ತಾನೆ. ಎದುರಿಗೆ ಹಳೆಯ ಬಿಸ್ಕೀಟು ಡಬ್ಬ, ಅದರ ಮುಚ್ಚಳದಲ್ಲಿ ಬಿಡಿಭಾಗಗಳು. ಪಕ್ಕದ ಗೋಡೆಗೆ ಒರಗಿಸಿಟ್ಟ ಗಿಟಾರು. ಕರೆಂಟ್ ಬಂದ ಕೂಡಲೇ ಸೋಲ್ಡರಿಂಗ್ ಐರನ್ನಿನ ಪ್ಲಗ್ ಚುಚ್ಚುತ್ತಾನೆ, ತುದಿ ಕಾಯುವವರೆಗೆ ರೆಸಿಸ್ಟೆನ್ಸಿನ ಕಾಲು ಬಗ್ಗಿಸುತ್ತಾನೆ. ಕರೆಂಟ್ ಹೋದರೆ ಐರನ್ನು ಇಟ್ಟಿಗೆಯ ಮೇಲೆ ತಣ್ಣಗೆ ಮಲಗುತ್ತದೆ. ಅಷ್ಟರವರೆಗೆ ಕಟ್ಟಿದ್ದಕ್ಕೆ ಬ್ಯಾಟರಿ ಸಿಕ್ಕಿಸಿ ಗಿಟಾರು ನುಡಿಸಿ ನೋಡುತ್ತಾನೆ. ಇದ್ದಾಗ ಬೆಸುಗೆ, ಹೋದಾಗ ನುಡಿಸಾಣಿಕೆ. ಈ ಮಳೆಗಾಲದಲ್ಲಿ ನಮ್ಮ ಜಗಲಿಯ ದಿನಚರಿ ಇದೇ.

ಅವನು ಕಟ್ಟುತ್ತಿರುವುದು ಬ್ಯಾಟರಿಯಿಂದ ನಡೆಯುವ ಪುಟ್ಟ ಗಿಟಾರ್ ಆಂಪ್ಲಿಫೈಯರ್. ಅದರ ಜೀವಾಳ ಎಲ್‌ಎಂ386 ಎಂಬ ಐಸಿ. ಎಂಟು ಕಾಲು, ಒಂದು ಸೆಂಟಿಮೀಟರಿಗಿಂತ ಒಂದು ಕೂದಲೆಳೆ ಕಡಿಮೆ ಉದ್ದ. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ಹೊರತಂದ ಈ ಐಸಿಯನ್ನು, 2011ರಲ್ಲಿ ಆ ಕಂಪನಿಯನ್ನು ಕೊಂಡ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತಯಾರಿಸುತ್ತ ಬಂದಿದೆ. ಬಿಡಿಭಾಗದ ಅಂಗಡಿಗಳಲ್ಲಿ ಅಗ್ಗಕ್ಕೇ ಸಿಗುತ್ತದೆ. ರೇಡಿಯೋ, ಇಂಟರ್‌ಕಾಮ್, ಆಟಿಕೆಗಳ ಒಳಗೆ ಸದ್ದಿಲ್ಲದೆ ಕೂತು ಸದ್ದು ಮಾಡುವ ವಸ್ತು ಇದು. 9 ವೋಲ್ಟ್ ಕೊಟ್ಟು 8 ಓಮಿನ ಸ್ಪೀಕರ್ ಹಚ್ಚಿದರೆ ಅರ್ಧ ವ್ಯಾಟಿನ ಸುತ್ತಮುತ್ತ ಕೊಡುತ್ತದೆ. ಮದುವೆ ಮನೆಯಲ್ಲಿ ನೂರಾರು ವ್ಯಾಟಿನ ಪೆಟ್ಟಿಗೆಗಳನ್ನು ಕೇಳಿ ಕಿವಿ ಮರಗಟ್ಟಿದವರಿಗೆ ಅರ್ಧ ವ್ಯಾಟ್ ಎಂದರೆ ತಾತ್ಸಾರ. ಜಗಲಿಗೆ ಅಷ್ಟು ಸಾಕು. ಒಳಗೆ ಅಕ್ಕ ಮೀನು ಹುರಿಯುತ್ತಿದ್ದರೆ, ಆ ಚುರುಗುಟ್ಟುವಿಕೆಯನ್ನು ದಾಟಿಕೊಂಡು ಅಡುಗೆಮನೆಗೂ ಕೇಳಿಸುತ್ತದೆ.

ಐಸಿಯನ್ನು ನೇರ ಬೆಸೆಯುವುದಿಲ್ಲ. ಮೊದಲು ಎಂಟು ಕಾಲಿನ ಐಸಿ ಬೇಸ್ ಬೆಸೆದು, ಆಮೇಲೆ ಐಸಿಯನ್ನು ಅದರಲ್ಲಿ ಒತ್ತಿ ಕೂರಿಸುವುದು, ಸುಟ್ಟರೆ ಬದಲಿಸಬಹುದು. ತಲೆಯ ಮೇಲಿನ ಚಿಕ್ಕ ಕಚ್ಚು ಎಡಕ್ಕಿರುವಂತೆ ಹಿಡಿದರೆ ಕೆಳಸಾಲಿನ ಎಡತುದಿಯದು ಒಂದನೇ ಕಾಲು. ಮೂರಕ್ಕೆ ಗಿಟಾರಿನ ಸಂಕೇತ, ಎರಡು ಮತ್ತು ನಾಲ್ಕು ನೆಲಕ್ಕೆ, ಆರಕ್ಕೆ ಬ್ಯಾಟರಿಯ ಧನ, ಐದರಿಂದ 220 ಮೈಕ್ರೋಫ್ಯಾರಡಿನ ಕಂಡೆನ್ಸರ್ ಮೂಲಕ ಸ್ಪೀಕರ್. ಒಂದು ಮತ್ತು ಎಂಟನ್ನು ಖಾಲಿ ಬಿಟ್ಟರೆ ಐಸಿ ಸಂಕೇತವನ್ನು 20 ಪಟ್ಟು ಹಿಗ್ಗಿಸುತ್ತದೆ. ಅವೆರಡರ ನಡುವೆ 10 ಮೈಕ್ರೋಫ್ಯಾರಡಿನ ಒಂದೇ ಒಂದು ಕಂಡೆನ್ಸರ್ ಇಟ್ಟರೆ 200 ಪಟ್ಟು. ಅದೇ ಬೋರ್ಡು, ಅದೇ ಬ್ಯಾಟರಿ. ಆದರೆ ಈಗ ಮೀಟಿದ ತಂತಿ ಸ್ವರದ ಬದಲು ಗುಡುಗುತ್ತದೆ. ಐಸಿಗೆ ಬ್ಯಾಟರಿ ಕೊಡುವ ವೋಲ್ಟಿಗಿಂತ ಮೇಲೆ ಏರಲು ಆಗುವುದಿಲ್ಲ. ಅಲೆಯ ನೆತ್ತಿ, ತಳ ಎರಡೂ ಕತ್ತರಿಸಿಹೋಗುತ್ತವೆ. ಹಾಗೆ ಕತ್ತರಿಸಿಹೋದ ಅಲೆಯ ಒರಟನ್ನೇ ಗಿಟಾರು ಬಾರಿಸುವವರು ಬಯಸುತ್ತಾರೆ. ಹುಡುಗ ಆ ಕಂಡೆನ್ಸರಿಗೆ ಒಂದು ಸ್ವಿಚ್ ಇಟ್ಟಿದ್ದಾನೆ: ಆ ಕಡೆ ತಂಪು, ಈ ಕಡೆ ಕೆಂಡ.

ಬೋರ್ಡಿಗೆ ಮೊದಲ ಸಲ ಬ್ಯಾಟರಿ ಸಿಕ್ಕಿಸಿದಾಗ ಗಿಟಾರಿನ ಸದ್ದಿಗೆ ಮೊದಲು ಬಂದದ್ದು ಬೇರೆಯೇ. ಪುಟು ಪುಟು ಪುಟು ಎಂದು, ದಡ ಬಿಡುತ್ತಿರುವ ಇಂಜಿನ್ ದೋಣಿಯ ಹಾಗೆ. ಬಲೆ ಕಟ್ಟುತ್ತಿದ್ದ ಪಕ್ಕದ ಮನೆಯ ಅಜ್ಜ ತಲೆ ಎತ್ತಿ ಸಮುದ್ರದ ಕಡೆ ನೋಡಿದರು.

‘ಬಂದ್ ಇರುವಾಗ ಯಾರದೋ ತಮ್ಮಾ ದೋಣಿ ಬಿಟ್ಟದ್ದು?’

‘ದೋಣಿ ಅಲ್ಲ ಅಜ್ಜಾ, ಇದೇ ಪೆಟ್ಟಿಗೆ.’

ಕಾರಣ ಸರಳ. ಐಸಿ ಜೋರಾಗಿ ಎಳೆದಾಗ ಬ್ಯಾಟರಿಯ ವೋಲ್ಟ್ ಒಂದು ಕ್ಷಣ ಕುಸಿಯುತ್ತದೆ. ಆ ಕುಸಿತ ಒಳಬಾಗಿಲಿಗೆ ಹಿಂದಿರುಗಿ ಮತ್ತೆ ಹಿಗ್ಗಿ ಹೊರಬರುತ್ತದೆ. ಹೊರಬಂದದ್ದು ಮತ್ತೆ ಬ್ಯಾಟರಿಯನ್ನು ಕುಗ್ಗಿಸುತ್ತದೆ. ಈ ಸುತ್ತು ನಿಲ್ಲಿಸಲು ಆರನೇ ಕಾಲಿನ ಬುಡದಲ್ಲೇ, ದೂರದಲ್ಲಲ್ಲ, 100 ಮೈಕ್ರೋಫ್ಯಾರಡಿನ ಕಂಡೆನ್ಸರ್ ಬೇಕು, ಜೊತೆಗೆ 0.1ರದ್ದು ಇನ್ನೊಂದು. ಐದನೇ ಕಾಲಿನಿಂದ ನೆಲಕ್ಕೆ 10 ಓಮಿನ ರೆಸಿಸ್ಟೆನ್ಸ್, 0.047ರ ಕಂಡೆನ್ಸರ್ ಒಂದರ ಹಿಂದೆ ಒಂದು. ಇವು ಸಂಗೀತಕ್ಕೆ ನೇರವಾಗಿ ಏನನ್ನೂ ಸೇರಿಸುವುದಿಲ್ಲ, ಐಸಿಯನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಇವನ್ನು ಬಿಟ್ಟು ಕಟ್ಟಬಹುದು ಎನ್ನುವವರ ಮಾತು ಕೇಳಬಾರದು.

ಗಿಟಾರು ಈ ಜಗಲಿಗೆ ಬಂದ ದಾರಿಯನ್ನೂ ಹೇಳಬೇಕು. ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ. ಹಾರವಾಡಕ್ಕೆ ಸ್ವಂತ ರೈಲು ನಿಲ್ದಾಣವಿದೆ, ಕಾರವಾರಕ್ಕೂ ಅಂಕೋಲೆಗೂ ನಡುವೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಹಾದಿಯಲ್ಲಿ ಓಡತೊಡಗಿದ ಮೇಲೆ ಮಡಗಾಂವ್ ಪಕ್ಕದ ಪೇಟೆಯಾಯಿತು. ಈ ಕರಾವಳಿಯ ಕೊಂಕಣಿ ಹಾಡುಗಳಿಗೆ, ಇಗರ್ಜಿಯ ಹಬ್ಬಗಳಿಗೆ, ಕಾಲೇಜಿನ ವೇದಿಕೆಗಳಿಗೆ ಗಿಟಾರು ಹೊಸತಲ್ಲ. ಕನ್ನಡ, ಕೊಂಕಣಿ ಎರಡನ್ನೂ ಉಸಿರಾಡುವ ಹುಡುಗರಿಗೆ ಆರು ತಂತಿಯೂ ಮೂರನೇ ಮಾತಾಗಿ ಬಂದಿದೆ. ಆದರೆ ಇವರ ಕೈಯಲ್ಲಿರುವುದು ಹೆಚ್ಚಾಗಿ ಮರದ ಅಕೌಸ್ಟಿಕ್ ಗಿಟಾರು. ಅದರಲ್ಲಿ ಪಿಕಪ್ ಇರುವುದಿಲ್ಲ. ಅದಕ್ಕೆ ಅಗ್ಗದ ದಾರಿ ಪೀಜೋ ಡಿಸ್ಕ್: ಅಲಾರಂ, ಬಜರುಗಳಲ್ಲಿ ಕಾಣುವ 27 ಮಿಲಿಮೀಟರಿನ ಹಿತ್ತಾಳೆ ಬಿಲ್ಲೆ. ಗಿಟಾರಿನ ಒಳಗೆ, ತಂತಿಗಳು ಕೂರುವ ಬ್ರಿಜ್ಜಿನ ಅಡಿಭಾಗಕ್ಕೆ ಅಂಟಿಸಿದರೆ ಮರದ ನಡುಕವನ್ನೇ ವಿದ್ಯುತ್ತಾಗಿ ಮಾರ್ಪಡಿಸುತ್ತದೆ.

ಇಲ್ಲಿಂದ ಕೆಲಸದ ರುಚಿ ಹೆಚ್ಚುತ್ತದೆ. ಪೀಜೋ ಬಿಲ್ಲೆಯನ್ನು ನೇರ ಐಸಿಗೆ ಕೊಟ್ಟರೆ ದಪ್ಪ ತಂತಿಗಳ ಗಂಭೀರ ಸ್ವರ ಮಾಯವಾಗಿ ಬರೀ ಕೀರಲು ಉಳಿಯುತ್ತದೆ. ಬಿಲ್ಲೆ ಒಂದು ಪುಟ್ಟ ಕಂಡೆನ್ಸರ್, ಸುಮಾರು 0.02 ಮೈಕ್ರೋಫ್ಯಾರಡ್. ಐಸಿಯ ಒಳಬಾಗಿಲಲ್ಲಿರುವ ತಡೆ 50,000 ಓಮ್ ಮಾತ್ರ. ಇವೆರಡೂ ಸೇರಿದರೆ ಸೆಕೆಂಡಿಗೆ 160 ಕಂಪನದ ಕೆಳಗಿನದೆಲ್ಲ ಸೋರಿಹೋಗುತ್ತದೆ. ಮುಂದೆ 10,000 ಓಮಿನ ವಾಲ್ಯೂಮ್ ಕಂಟ್ರೋಲ್ ಇದ್ದರಂತೂ ಸಾವಿರದ ಹತ್ತಿರದವರೆಗೂ ಸೋರಿಕೆ. ಗಿಟಾರಿನ ಅತಿ ದಪ್ಪ ತಂತಿ ನುಡಿಯುವುದು ಸೆಕೆಂಡಿಗೆ 82 ಕಂಪನದಲ್ಲಿ, ಅತಿ ಸಣ್ಣದು 330ರಲ್ಲಿ. ಆರೂ ತಂತಿಗಳು ಆ ಸೋರಿಕೆಯ ಸೀಮೆಯೊಳಗೇ ಇವೆ.

ಪರಿಹಾರ ಐಟಿಐ, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಯ ಡ್ರಾಯರಿನಲ್ಲೇ ಇದೆ: ಬಿಎಫ್‌ಡಬ್ಲ್ಯೂ10 ಎಂಬ ಎಫ್‌ಇಟಿ. ಸಣ್ಣ ಲೋಹದ ಟೋಪಿ, ನಾಲ್ಕು ಕಾಲು. ವಿದ್ಯಾರ್ಥಿಗಳು ಇದರ ಗುಣರೇಖೆಗಳನ್ನು ಗ್ರಾಫ್ ಹಾಳೆಯಲ್ಲಿ ಬರೆದು, ಸಹಿ ಹಾಕಿಸಿಕೊಂಡು ಮರೆತುಬಿಡುತ್ತಾರೆ. ಅದನ್ನು ಐಸಿಯ ಮುಂದೆ ನಿಲ್ಲಿಸಿ, ಗೇಟಿನಿಂದ ನೆಲಕ್ಕೆ 10 ಲಕ್ಷ ಓಮಿನ ರೆಸಿಸ್ಟೆನ್ಸ್, ಸೋರ್ಸಿನಿಂದ ನೆಲಕ್ಕೆ 3,900 ಓಮಿನದು ಇಟ್ಟರೆ, ಬಿಲ್ಲೆಯ ಮೇಲಿನ ಹೊರೆ ಇಳಿಯಿತು. ಸೋರಿಕೆಯ ಗಡಿ ಸೆಕೆಂಡಿಗೆ 8 ಕಂಪನಕ್ಕೆ ಇಳಿಯಿತು, ಅಷ್ಟು ಕೆಳಗಿನದು ಮನುಷ್ಯರ ಕಿವಿಗೆ ಬೇಕಾಗಿಯೇ ಇಲ್ಲ. ಈ ಎಫ್‌ಇಟಿ ಸಂಕೇತವನ್ನು ಹಿಗ್ಗಿಸುವುದಿಲ್ಲ. ಇತ್ತ ಹಗುರಾಗಿ ಪಡೆದು ಅತ್ತ ಗಟ್ಟಿಯಾಗಿ ಕೊಡುವುದಷ್ಟೇ ಅದರ ಕೆಲಸ. ಬೆಸುಗೆ ಆರಿದ ಮೇಲೆ ಹುಡುಗ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದ. ಜಗಲಿಯ ಹಲಗೆಯ ಮೇಲಿದ್ದ ಬಿಡಿ ಸ್ಕ್ರೂಗಳು ಮೆಲ್ಲಗೆ ನಡುಗಿದವು. ಪ್ರಯೋಗಶಾಲೆಯಲ್ಲಿ ಗ್ರಾಫಾಗಿದ್ದದ್ದು ಇಲ್ಲಿ ಸ್ವರವಾಯಿತು. ನಮ್ಮ ಐಟಿಐಗಳಲ್ಲಿ, ಡಿಪ್ಲೊಮಾ ಕಾಲೇಜುಗಳಲ್ಲಿ ಈ ಒಂದು ಪ್ರಯೋಗವನ್ನು ಗಿಟಾರು ಹಿಡಿದೇ ಮಾಡಿಸಿದರೆ ಎಷ್ಟು ಹುಡುಗ ಹುಡುಗಿಯರು ಎಫ್‌ಇಟಿಯನ್ನು ಜೀವಮಾನವಿಡೀ ನೆನಪಿಟ್ಟುಕೊಂಡಾರು!

ಬ್ಯಾಟರಿಯ ಸದ್ದು ಕರಾವಳಿಗೆ ಹಳೆಯದೇ. ಕರೆಂಟಿಲ್ಲದ ಊರುಗಳ ಯಕ್ಷಗಾನ, ನಾಟಕಗಳಿಗೆ ಕಾರಿನ ಬ್ಯಾಟರಿ ಹೊತ್ತು ತಂದು ಮೈಕ್ ಸೆಟ್ ಕಟ್ಟುತ್ತಿದ್ದ ಕಾಲವನ್ನು ಹಿರಿಯರು ಈಗಲೂ ಹೇಳುತ್ತಾರೆ. ಅದರ ಹಿಂದೆ ಕನ್ನಡ ನೆಲದ ಒಂದು ಕಾರ್ಖಾನೆಯ ಪಾಲೂ ಇದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1962ರ ಹೊತ್ತಿಗೆ ಜರ್ಮೇನಿಯಂ ಸೆಮಿಕಂಡಕ್ಟರುಗಳನ್ನು ತಯಾರಿಸತೊಡಗಿತು. ದೇಶದ ಟ್ರಾನ್ಸಿಸ್ಟರ್ ರೇಡಿಯೋಗಳಿಗೆ ಬಿಡಿಭಾಗ ಇಲ್ಲೇ ಸಿಗುವಂತಾಯಿತು.

ಜರ್ಮೇನಿಯಂ ಎಂದೊಡನೆ ಹುಡುಗ ಫೋನಿನಲ್ಲಿ ಒಂದು ಹಾಡು ಹಾಕಿದ. ಇಂಗ್ಲೆಂಡಿನ ಕ್ವೀನ್ ತಂಡದ ‘ಗುಡ್ ಕಂಪನಿ’, 1975ರದ್ದು. ಅದರಲ್ಲಿ ತುತ್ತೂರಿ, ಕ್ಲಾರಿನೆಟ್‌ಗಳ ಇಡೀ ಬ್ಯಾಂಡೇ ಬಾರಿಸುತ್ತಿರುವುದು ಕೇಳಿಸುತ್ತದೆ. ಅಲ್ಲಿ ಒಂದೂ ಊದುವ ವಾದ್ಯವಿಲ್ಲ. ತಂಡದ ಗಿಟಾರ್ ವಾದಕ ಬ್ರಯನ್ ಮೇ ತನ್ನ ಗಿಟಾರನ್ನು ಒಂದರ ಮೇಲೊಂದು ಪದರವಾಗಿ ಧ್ವನಿಮುದ್ರಿಸಿದ್ದು. ಅದಕ್ಕೆ ಬಳಸಿದ್ದು ತಂಡದ ಬೇಸ್ ವಾದಕ ಜಾನ್ ಡೀಕನ್ 1972ರ ಹೊತ್ತಿಗೆ ಕಟ್ಟಿದ ಪುಟ್ಟ ಆಂಪ್ಲಿಫೈಯರ್. ಆತ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಲಂಡನ್ನಿನ ಬೀದಿಯ ಕಸದ ತೊಟ್ಟಿಯಲ್ಲಿ ಸಿಕ್ಕ ರೇಡಿಯೋ ಬೋರ್ಡನ್ನು ಪುಸ್ತಕದ ಕಪಾಟಿನಲ್ಲಿಡುವ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ 9 ವೋಲ್ಟಿನ ಬ್ಯಾಟರಿ ಹಚ್ಚಿದ. ವಾಲ್ಯೂಮ್ ತಿರುಗಿಸುವ ಗುಂಡಿಯೂ ಅದಕ್ಕಿರಲಿಲ್ಲ. ಒಳಗಿದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಕೋಟಿಗಟ್ಟಲೆ ಮಾರಾಟವಾದ ಹಾಡುಗಳೊಳಗೆ ಕಸದಿಂದ ಎದ್ದ ಆ ಬೋರ್ಡು ಈಗಲೂ ನುಡಿಯುತ್ತಿದೆ. ಅಮೆರಿಕದಲ್ಲಿ ಆರು ಪೆನ್ಸಿಲ್ ಸೆಲ್ಲಿನಿಂದ ನಡೆಯುವ ಪಿಗ್‌ನೋಸ್ ಎಂಬ ಆಂಪ್ಲಿಫೈಯರ್ ಬಂದದ್ದೂ ಅದೇ ದಶಕದಲ್ಲಿ. ಅದನ್ನು ರೂಪಿಸಿದವರಲ್ಲೊಬ್ಬ ರಿಚರ್ಡ್ ಎಡ್ಲಂಡ್, ಮುಂದೆ ‘ಸ್ಟಾರ್ ವಾರ್ಸ್’ ಚಿತ್ರದ ದೃಶ್ಯ ಚಮತ್ಕಾರಕ್ಕೆ ಆಸ್ಕರ್ ಪಡೆದವನು. ದೊಡ್ಡ ಸದ್ದಿಗೆ ದೊಡ್ಡ ಪೆಟ್ಟಿಗೆಯೇ ಬೇಕೆಂಬ ಮಾತನ್ನು ನಾನು ಒಪ್ಪದಿರುವುದು ಇಂಥವರ ಬಲದಿಂದ.

ಬೇಕಾದದ್ದು ಒಳ್ಳೆಯ ಸ್ಪೀಕರ್. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹೊಸದಾಗಿ ಕಟ್ಟುವವರು ಐಸಿಯನ್ನು ದೂರುತ್ತಾರೆ, ಬ್ಯಾಟರಿಯನ್ನು ದೂರುತ್ತಾರೆ; ತಪ್ಪು ಇರುವುದು ಎರಡು ಇಂಚಿನ ಆಟಿಕೆ ಸ್ಪೀಕರಿನಲ್ಲಿ. ಅದೇ ಅರ್ಧ ವ್ಯಾಟನ್ನು 6 ಡೆಸಿಬೆಲ್ ಹೆಚ್ಚು ಸೂಕ್ಷ್ಮವಾದ ಸ್ಪೀಕರಿಗೆ ಕೊಟ್ಟರೆ, ಎರಡು ವ್ಯಾಟ್ ಕೊಟ್ಟಷ್ಟು ಕೇಳಿಸುತ್ತದೆ. ಐಸಿ ಬದಲಿಸದೆ, ಬ್ಯಾಟರಿ ಬದಲಿಸದೆ ನಾಲ್ಕು ಪಟ್ಟು. ಅಂಥ ಸ್ಪೀಕರುಗಳು ಗುಜರಿಗೆ ಹೋಗುತ್ತಿರುವ ಹಳೆಯ ಡಬ್ಬ ಟಿವಿ, ಟೇಪ್ ರೆಕಾರ್ಡರುಗಳ ಒಳಗಿವೆ. ಹುಡುಗ ತಂದದ್ದು ಅಂಥದೇ ಒಂದು ಮೊಟ್ಟೆಯಾಕಾರದ 8 ಓಮಿನ ಟಿವಿ ಸ್ಪೀಕರ್. ಕಾಗದದ ಬೋಗುಣಿಯ ಅಂಚಿನಲ್ಲಿ ಜೇಡರ ಬಲೆ, ಹಿಂದೆ ಕಪ್ಪು ಅಯಸ್ಕಾಂತ. ಜಗಲಿಯ ನೆಲದ ಮೇಲೆ ಬರಿದೇ ಇಟ್ಟು ನುಡಿಸಿದಾಗ ಸದ್ದು ಬಡಕಲು. ಕಾಗದ ಮುಂದೆ ತಳ್ಳಿದ ಗಾಳಿ ಅಂಚನ್ನು ಬಳಸಿ ಹಿಂದಕ್ಕೆ ಹೋಗಿ ತನ್ನನ್ನೇ ಅಳಿಸಿಕೊಳ್ಳುತ್ತದೆ. ಸ್ಪೀಕರಿನ ಅಳತೆಗೆ ತೂತು ಕೊರೆದ ಹಲಸಿನ ಹಲಗೆಯೊಂದನ್ನು ಅದರ ಮುಂದೆ ಹಿಡಿದದ್ದೇ ತಡ, ದಪ್ಪ ತಂತಿಗಳಿಗೆ ಮೈ ಬಂತು. ಹಲಗೆ ತೆಗೆದರೆ ಬಡಕಲು, ಇಟ್ಟರೆ ತುಂಬು. ಅಕ್ಕ ಸೌಟು ಹಿಡಿದೇ ಹೊರಬಂದು ಕೇಳಿದಳು. ‘ಮತ್ತೊಂದು ಸಲ ಹಾಗೆ ಮಾಡೋ’ ಎಂದಳು.

ಆಗಲೇ ಅಜ್ಜ ತಮ್ಮ ಮನೆಯಿಂದ ಗುಮಟೆ ತಂದದ್ದು. ಉತ್ತರ ಕನ್ನಡದ ಹಾಲಕ್ಕಿಗಳ, ಈ ಕರಾವಳಿಯ ಇತರ ಜನರ ಹಬ್ಬದ ವಾದ್ಯ. ಸುಟ್ಟ ಮಣ್ಣಿನ ಮೈ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿದೆ, ಚಿಕ್ಕ ಬಾಯಿ ತೆರೆದೇ ಇದೆ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಉಡಕ್ಕೆ ರಕ್ಷಣೆ ಕೊಟ್ಟ ಮೇಲೆ ಆಡಿನ ಚರ್ಮ ಬಂತು. ಅಜ್ಜ ಬಲಗೈಯಲ್ಲಿ ಚರ್ಮ ಬಾರಿಸುತ್ತ, ಎಡಗೈ ಅಂಗೈಯಿಂದ ತೆರೆದ ಬಾಯನ್ನು ಮುಚ್ಚಿ ತೆಗೆದರು. ಮುಚ್ಚಿದಾಗ ಒಂದು ಸ್ವರ, ತೆರೆದಾಗ ಇನ್ನೊಂದು. ಒಳಗಿನ ಗಾಳಿಯೇ ಅಲ್ಲಿ ಅರ್ಧ ವಾದ್ಯ. ಹುಡುಗ ಒಂದು ಗಳಿಗೆ ಅದನ್ನೇ ನೋಡಿ, ಹಿತ್ತಿಲಿನಿಂದ ಬಳಸದೆ ಬಿಟ್ಟ ಮಣ್ಣಿನ ಕೊಡ ತಂದ. ಅದರ ಬಾಯಿಗೆ ಮೂರಿಂಚಿನ ಇನ್ನೊಂದು ಸ್ಪೀಕರ್ ಕವುಚಿ, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ನುಡಿಸಿದ. ಕೊಡದ ಹೊಟ್ಟೆಯೊಳಗಿನ ಗಾಳಿ ತನಗೆ ಒಗ್ಗುವ ಒಂದೆರಡು ಸ್ವರಗಳನ್ನು ಹಿಡಿದು ಉಬ್ಬಿಸಿತು, ಉಳಿದವನ್ನು ಅಲ್ಲಲ್ಲೇ ಬಿಟ್ಟಿತು. ಎಲ್ಲ ಹಾಡಿಗೂ ಆಗುವ ಪೆಟ್ಟಿಗೆ ಅದಲ್ಲ. ಆದರೆ ಅಜ್ಜನ ತಾಳಕ್ಕೆ ಸರಿಯಾಗಿ ಹುಡುಗ ದಪ್ಪ ತಂತಿಯ ಮೇಲೆ ನಾಲ್ಕೇ ಸ್ವರ ಇಟ್ಟಾಗ, ಮಣ್ಣಿಗೆ ಮಣ್ಣು ಉತ್ತರ ಕೊಟ್ಟಿತು. ನಾನು ಕೇಳಿದ ಗಿಟಾರುಗಳಲ್ಲಿ ಇಷ್ಟು ಕಡಿಮೆ ಸ್ವರಗಳಲ್ಲಿ ಇಷ್ಟು ತುಂಬಿ ಬಂದದ್ದು ಇನ್ನೊಂದಿಲ್ಲ.

ಇಂಥ ಚಿಕ್ಕ ಸ್ಪೀಕರಿಗೆ 82 ಕಂಪನದ ಸ್ವರವನ್ನು ಸರಿಯಾಗಿ ಹೊರಡಿಸುವ ಶಕ್ತಿಯಿಲ್ಲ. ಆದರೂ ನಮಗೆ ಅದು ಕೇಳಿಸುತ್ತದೆ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಅನುಸ್ವರಗಳು ಬಂದರೆ ಸಾಕು, ಇಲ್ಲದ ಮೂಲಸ್ವರವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಇನ್ನೂ ಬೇಕೆನಿಸಿದರೆ ಒಂದನೇ ಕಾಲಿಗೂ ಐದನೇ ಕಾಲಿಗೂ ನಡುವೆ 10,000 ಓಮಿನ ರೆಸಿಸ್ಟೆನ್ಸ್ ಮತ್ತು 0.033ರ ಕಂಡೆನ್ಸರನ್ನು ಸಾಲಾಗಿ ಇಡಬಹುದು. ಕೆಳಸ್ವರಗಳಿಗೆ ಬಲ ಬರುತ್ತದೆ. ಐಸಿ ತಯಾರಕರ ವಿವರಪತ್ರದಲ್ಲೇ ಈ ಜೋಡಣೆ ಇದೆ.

ಬ್ಯಾಟರಿಯ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ಚೌಕದ 9 ವೋಲ್ಟ್ ಬ್ಯಾಟರಿ ನೋಡಲು ಅಚ್ಚುಕಟ್ಟು, ಆದರೆ ಒಳಗೆ ಇರುವುದು ಆರು ಪುಟಾಣಿ ಸೆಲ್ಲುಗಳು. ಜೋರಾಗಿ ನುಡಿಸಿದರೆ ಬೇಗ ಸುಸ್ತಾಗುತ್ತದೆ. ಆರು ಪೆನ್ಸಿಲ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಅದೇ 9 ವೋಲ್ಟ್. ಆಲ್ಕಲೈನ್ ಆದರೆ ಬಾಳಿಕೆ ಹಲವು ಪಟ್ಟು. ಡಬ್ಬ ಕೊಂಚ ದಪ್ಪವಾಗುತ್ತದೆ, ಆಗಲಿ. ದೋಣಿಯಲ್ಲಿ 12 ವೋಲ್ಟಿನ ಬ್ಯಾಟರಿ ಇದ್ದೇ ಇದೆಯಲ್ಲ, ಅದಕ್ಕೇ ಹಚ್ಚಿದರೆ ಆಗದೇ ಎಂದು ಹುಡುಗನ ಗೆಳೆಯರು ಕೇಳುತ್ತಾರೆ. ನೇರ ಹಚ್ಚಬಾರದು. ಇಂಜಿನ್ ಓಡುತ್ತಿರುವಾಗ ಆ ಬ್ಯಾಟರಿಯ ಮೇಲೆ 14 ವೋಲ್ಟಿಗೂ ಮೇಲೆ ಏರುತ್ತದೆ. ಸಾಮಾನ್ಯ ಎಲ್‌ಎಂ386 ತಡೆಯುವ ಕೊನೆಯ ಮಿತಿ 15. ನಡುವೆ 7809 ಎಂಬ ಮೂರು ಕಾಲಿನ ರೆಗ್ಯುಲೇಟರ್ ಇಟ್ಟರೆ ಎಷ್ಟೇ ಏರಿದರೂ ಐಸಿಗೆ ಸಿಗುವುದು 9 ಮಾತ್ರ. ಆಗಸ್ಟಿನಲ್ಲಿ ದೋಣಿಗಳು ಮತ್ತೆ ನೀರಿಗಿಳಿದಾಗ ಒಂದನ್ನಾದರೂ ಕಡಲ ಮೇಲೆ ನುಡಿಸಬೇಕೆಂಬುದು ಅವರ ಆಸೆ.

ಕಡಲಿಗೂ ಇದಕ್ಕೂ ಇರುವ ನಿಜವಾದ ಜಗಳ ಉಪ್ಪಿನದು. ಹಾರವಾಡದ ಗಾಳಿಯಲ್ಲಿ ಉಪ್ಪಿದೆ. ಬಾಗಿಲ ಚಿಲಕವನ್ನು ತಿನ್ನುವ ಗಾಳಿ ತಾಮ್ರದ ಎಳೆಯನ್ನು ಬಿಟ್ಟೀತೇ? ಬೋರ್ಡಿನ ಬೆಸುಗೆಯ ಸುತ್ತ ಉಳಿದ ಫ್ಲಕ್ಸ್ ತೇವ ಹೀರಿ ಹಸಿರು ಕಿಲುಬು ಕಟ್ಟುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ, ಬ್ಯಾಟರಿಯ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಗಿಟಾರಿನ ಉಕ್ಕಿನ ತಂತಿ ತಿಂಗಳೊಪ್ಪತ್ತಿನಲ್ಲಿ ಕಂದುತ್ತದೆ. ಹೀಗಾಗಿ ಕಟ್ಟಿ ಮುಗಿದ ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಬೆಸುಗೆಯ ಬದಿಗೆ ತೆಳುವಾಗಿ ವಾರ್ನಿಷ್ ಬಳಿಯಬೇಕು. ಐಸಿ ಬೇಸಿಗೆ, ಜ್ಯಾಕಿಗೆ ಬಳಿಯಬಾರದು. ಘಟ್ಟದ ಮೇಲೆ ಕಟ್ಟುವವರಿಗೆ ಈ ಕೆಲಸ ಬೇಕಿಲ್ಲದಿರಬಹುದು. ಇಲ್ಲಿ ಇದು ಕಡ್ಡಾಯ.

ಕಟ್ಟಲು ಹೊರಟವರಿಗೆ ಕೊನೆಯದಾಗಿ ಒಂದು ಮಾತು. ಈ ಪೆಟ್ಟಿಗೆಯನ್ನು ಚಾಲೂ ಮಾಡಲು ಬೇರೆ ಸ್ವಿಚ್ ಬೇಡ. ಗಿಟಾರಿನ ವೈರು ಸಿಕ್ಕಿಸುವ ಕಡೆ ಮೂರು ಸಂಪರ್ಕದ ಸ್ಟೀರಿಯೋ ಜ್ಯಾಕ್ ಹಾಕಿ, ಬ್ಯಾಟರಿಯ ಋಣ ತಂತಿಯನ್ನು ಅದರ ನಡುವಿನ ಸಂಪರ್ಕಕ್ಕೆ ಬೆಸೆಯಿರಿ. ಗಿಟಾರಿನ ಸಾದಾ ಪ್ಲಗ್ ಒಳಹೊಕ್ಕಾಗ ನಡುವಿನದೂ ನೆಲದ್ದೂ ತಾವಾಗಿ ಕೂಡಿ ಪೆಟ್ಟಿಗೆ ಚಾಲೂ ಆಗುತ್ತದೆ. ನುಡಿಸಿ ಮುಗಿದ ಮೇಲೆ ಪ್ಲಗ್ ಎಳೆದಿಡಿ. ಸುಮ್ಮನೆ ಕೂತಾಗಲೂ ಐಸಿ, ಎಫ್‌ಇಟಿ ಸೇರಿ 5 ಮಿಲಿಆಂಪಿಯರ್ ಕುಡಿಯುತ್ತವೆ. ಹಾಗೇ ಬಿಟ್ಟರೆ ಚೌಕದ ಹೊಸ ಬ್ಯಾಟರಿ ನಾಲ್ಕು ದಿನದಲ್ಲಿ ಖಾಲಿ.